ಎಡಗಡೆಯ ಕದ

ಷಡಕ್ಷರಿಯ ಹೆಸರು ಎತ್ತಿದರೆ ಸಾಕು, ಕೊಳ್ಳೇಗಾಲದ ಕಡೆಯವರು ಇವತ್ತಿಗೂ ಒಂದೇ ಮಾತು ಹೇಳುತ್ತಾರೆ: ಗೇಟಿನ ಬೋರ್ಡು ಕದ್ದು ಒಲೆಗೆ ಹಾಕಿದನಲ್ಲ, ಅವನೇ ತಾನೆ? ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಕದ್ದದ್ದು ನಿಜ. ಹಾಡುಹಗಲಲ್ಲಿ, ಊರವರ ಕಣ್ಣೆದುರಿಗೇ ಕದ್ದ. ಒಲೆಗೆ ಹಾಕಿದ್ದು ಮಾತ್ರ ಸುಳ್ಳು, ಆ ಸುಳ್ಳು ಹೇಳಿದವನೂ ಅವನೇ. ಮಿಕ್ಕವರು ಎಲ್ಲ ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತರು. ನಾನು ಗುರುಸಿದ್ದಮ್ಮ, ಮಧುವನಹಳ್ಳಿ ಶಾಲೆಯಲ್ಲಿ ಮಕ್ಕಳಿಗೆ ಕಾಗುಣಿತ ಹೇಳಿ ಹೇಳಿ ಗಂಟಲು ಹರಿದುಕೊಂಡವಳು, ಸುಮ್ಮನಿರುವುದು ನನಗೆ ಬರುವುದಿಲ್ಲ. ಸುಮ್ಮನಿರಬೇಕು ಎಂದು ಆಣೆ ಹಾಕಿಸಿಕೊಂಡವಳು ಈಗಿಲ್ಲ, ಹಾಗಾಗಿ ಹೇಳುತ್ತೇನೆ.

ಈಗಿನ ಮಕ್ಕಳು ನಂಬುವುದಿಲ್ಲ, ಆದರೆ ಐವತ್ತಾರನೇ ಇಸವಿಯವರೆಗೆ ಯಳಂದೂರು ಮೈಸೂರಿಗೆ ಸೇರಿತ್ತು, ಕೊಳ್ಳೇಗಾಲ ಮದ್ರಾಸಿಗೆ. ಎರಡರ ನಡುವೆ ರಸ್ತೆಯ ಅಕ್ಕಪಕ್ಕ ಎರಡು ಕಲ್ಲುಕಂಬ ನೆಟ್ಟು, ಅಡ್ಡಕ್ಕೆ ಒಂದು ಮರದ ದಿಮ್ಮಿ ಇಳಿಬಿಟ್ಟು, ಅದನ್ನು ಗೇಟು ಅನ್ನುತ್ತಿದ್ದರು. ಗೇಟಿನ ಮಗ್ಗುಲಲ್ಲೇ ಕಟ್ಟೆಹುಂಡಿ. ಊರು ಮದ್ರಾಸಿನ ಕಡೆಗೆ ಬಿತ್ತು. ಅರ್ಧ ಹೊಲ, ನೆಂಟರು, ಬೀಗರು ಎಲ್ಲ ಮೈಸೂರಿನ ಕಡೆಗೆ. ಯುದ್ಧದ ಕಾಲದಲ್ಲಿ ಧಾನ್ಯಕ್ಕೆ ಕಟ್ಟುಪಾಡು ಬಂತು. ಆ ಕಡೆಯ ಹೊಲದಲ್ಲಿ ತಾವೇ ಬೆಳೆದ ರಾಗಿಯನ್ನು ಈ ಕಡೆಯ ಮನೆಗೆ ತರುವುದೂ ಕಳ್ಳತನ ಅನ್ನಿಸಿಕೊಂಡಿತು.

ಕಟ್ಟೆಹುಂಡಿಯಲ್ಲಿ ನನ್ನ ದೊಡ್ಡಮ್ಮ ಪುಟ್ಟಮಲ್ಲಮ್ಮನ ಮನೆ. ಅವಳು ನನ್ನ ಅವ್ವನ ಅಕ್ಕ. ಗಂಡ ಬೇಗ ತೀರಿಕೊಂಡಿದ್ದ, ಇದ್ದವನು ಒಬ್ಬನೇ ಮಗ, ಪುಟ್ಟಮಾದಪ್ಪ. ಆ ಮನೆಯಲ್ಲಿ ಹಿಂದಿನಿಂದ ಒಂದು ಪದ್ಧತಿ ನಡೆದುಬಂದಿತ್ತು. ಸುಗ್ಗಿಯಲ್ಲಿ ಮೊದಲ ಮೂಟೆ ಹೊಸ್ತಿಲು ದಾಟಿ ಒಳಗೆ ಬಂತು ಅಂದರೆ, ಮನೆಯ ಗಂಡುಮಗ ಅಂಗೈಯನ್ನು ಸುಣ್ಣದಲ್ಲಿ ಅದ್ದಿ ತಲೆಬಾಗಿಲಿನ ಎಡಗಡೆಯ ಕದದ ಒಳಮೈಗೆ ಒತ್ತಬೇಕು. ಬಲಗಡೆಯ ಕದದಲ್ಲಿ ಅಗುಳಿ ಇದ್ದದ್ದರಿಂದ ಎಡಗಡೆಯದು. ಪುಟ್ಟಮಾದಪ್ಪ ಹುಟ್ಟುವ ಮುಂಚೆ ಮನೆಗೆ ಹೊಸ ಬಾಗಿಲು ಮಾಡಿಸಿದ್ದರು, ಹೊನ್ನೆ ಮರದ್ದು. ಹಾಗಾಗಿ ಆ ಕದದ ಮೇಲೆ ಇದ್ದದ್ದೆಲ್ಲ ಅವನೊಬ್ಬನ ಕೈ. ಮೊದಲನೆಯದು ಕೂಸಿನ ಕೈ, ದೊಡ್ಡಮ್ಮನೇ ಹಿಡಿದು ಒತ್ತಿಸಿದ್ದು. ಅದರ ಪಕ್ಕ ಒಂದಕ್ಕಿಂತ ಒಂದು ದೊಡ್ಡದು. ಬಾಗಿಲು ತೆಗೆದಿದ್ದರೆ ಕದ ಗೋಡೆಗೆ ಮುಖ ಮಾಡಿ ನಿಲ್ಲುವುದರಿಂದ ಏನೂ ಕಾಣುತ್ತಿರಲಿಲ್ಲ. ರಾತ್ರಿ ಬಾಗಿಲು ಹಾಕಿದಾಗ ಮಾತ್ರ ಆ ಬಿಳಿ ಕೈಗಳು ಕಾಣುತ್ತಿದ್ದವು. ನಾನು ಚಿಕ್ಕವಳಿದ್ದಾಗ ಅಲ್ಲಿ ಮಲಗಿದರೆ ನನ್ನ ಕೈಯನ್ನು ಅವುಗಳ ಮೇಲಿಟ್ಟು ಅಳತೆ ನೋಡುತ್ತಿದ್ದೆ.

ಸರ್ಕಾರಕ್ಕೆ ಕೊಡಬೇಕಾದ ಧಾನ್ಯ ಕೊಡಲಿಲ್ಲ ಎಂದು ಗೇಟಿನವರು, ಅಲ್ಲಿ ಕಾವಲಿದ್ದ ಸರ್ಕಾರಿ ನೌಕರರು, ಒಂದು ದಿನ ಮನೆಗೆ ಬಂದರು. ಕೊಡುವುದಕ್ಕೆ ಇದ್ದರೆ ತಾನೆ? ಆಗ ಜಪ್ತಿಗೆ ಬಂದವರು ಪಾತ್ರೆಪಗಡ ಸಿಕ್ಕದಿದ್ದರೆ ಬಾಗಿಲು ಕೀಳುತ್ತಿದ್ದರು. ಬಾಗಿಲಿಲ್ಲದ ಮನೆಯಲ್ಲಿ ಹೆಂಗಸರು ಎಷ್ಟು ದಿನ ಇರುತ್ತಾರೆ, ನಾಚಿಕೆಗೆ ಬಿದ್ದು ತಂದುಕೊಡುತ್ತಾರೆ ಎಂಬ ಲೆಕ್ಕ. ಎಡಗಡೆಯ ಕದವನ್ನು ಎತ್ತಿಕೊಂಡು ಹೋದರು. ದೊಡ್ಡಮ್ಮ ಅವತ್ತಿನಿಂದ ಅರ್ಧ ಬಾಗಿಲಿಗೆ ಗೋಣಿತಾಟು ಕಟ್ಟಿಕೊಂಡು ಸಂಸಾರ ಮಾಡಿದಳು.

ಷಡಕ್ಷರಿ ಈ ಕಥೆಯೊಳಕ್ಕೆ ಬರುವುದು ಇಲ್ಲಿ. ಬಂಡಳ್ಳಿಯಲ್ಲಿ ಹುಟ್ಟಿದವನು, ಚಿಕ್ಕಂದಿನಲ್ಲೇ ಕೊಳ್ಳೇಗಾಲಕ್ಕೆ ಬಂದು ಒಬ್ಬ ತಮಿಳು ಪೇಂಟರ ಹತ್ತಿರ ಅಕ್ಷರ ಬರೆಯುವುದು ಕಲಿತ. ಕನ್ನಡ, ತಮಿಳು, ಇಂಗ್ಲಿಷು ಮೂರನ್ನೂ ಒಂದೇ ಕೈಯಲ್ಲಿ ಬರೆಯುವವನು ಆ ತಾಲ್ಲೂಕಿಗೆ ಅವನೊಬ್ಬನೇ. ರೇಷ್ಮೆ ಅಂಗಡಿಗಳ ಬೋರ್ಡು, ಹೋಟಲಿನ ಬೋರ್ಡು, ಕಚೇರಿ ಬಾಗಿಲ ಮೇಲಿನ ಹೆಸರು, ಎಲ್ಲ ಅವನದೇ. ಆಗ ಅವನಿಗೆ ಇನ್ನೂ ಹುಡುಗುಪ್ರಾಯ, ಕಟ್ಟೆಹುಂಡಿಯಲ್ಲೇ ಹೆಣ್ಣು ಗೊತ್ತಾಗಿತ್ತು. ಗೇಟಿನವರು ಅವನನ್ನು ಕರೆಸಿ, ಗೇಟಿನ ಮೇಲೆ ಒಂದು ಬೋರ್ಡು ಬೇಕು ಎಂದರು. ಹಲಗೆ ಯಾವುದು ಅಂದರೆ, ಮೂಲೆಯಲ್ಲಿ ಒರಗಿಸಿದ್ದ ಕದ ತೋರಿಸಿದರು. ಹಳೇ ಕದಗಳು ತಿರುಗುವುದಕ್ಕೆ ಮೇಲೊಂದು ಕೆಳಗೊಂದು ಮರದ ಗೂಟ ಇರುತ್ತದಲ್ಲ, ಅವೆರಡನ್ನೂ ಆಗಲೇ ಗರಗಸದಲ್ಲಿ ಕತ್ತರಿಸಿದ್ದರು.

ತಿರುಗಿಸಿ ನೋಡಿದರೆ ಕೈಗಳು. ಅದು ಯಾರದೋ ಮನೆಯ ಬಾಗಿಲು, ಯಾವುದೋ ಮಗುವಿನ ಕೈ ಎಂದು ಅವನಿಗೆ ಗೊತ್ತಾಯಿತು. ಆಗುವುದಿಲ್ಲ ಅನ್ನುವ ಧೈರ್ಯ ಬರಲಿಲ್ಲ ಎಂದು ಅವನೇ ನನ್ನ ಹತ್ತಿರ ಹೇಳಿದ್ದಾನೆ. ಆ ಮಗ್ಗುಲನ್ನು ಕೆಳಗೆ ಮಾಡಿ, ಬೋಳಾಗಿದ್ದ ಹೊರಮೈಯ ಮೇಲೆ ಬರೆದ. ಮೇಲೆ ಇಂಗ್ಲಿಷು, ನಡುವೆ ತಮಿಳು, ಕೆಳಗೆ ಕನ್ನಡ: ನಿಲ್ಲು. ಧಾನ್ಯ ದಾಟಿಸಕೂಡದು. ಎರಡು ಕಡೆಗೂ ಬಣ್ಣ ಬಳಿ ಅಂದಿದ್ದರಂತೆ. ಹಿಂದುಗಡೆ ಯಾರು ನೋಡುತ್ತಾರೆ ಎಂದು ಹೇಳಿ ತಪ್ಪಿಸಿದ.

ಆ ಬೋರ್ಡು ಏರಿದ ಮಳೆಗಾಲದಲ್ಲೇ ಪುಟ್ಟಮಾದಪ್ಪ ಸತ್ತ. ಯಳಂದೂರಿನ ಕಡೆಯ ಹೊಲದಲ್ಲಿ ತಾನೇ ಬೆಳೆದು ನೆಂಟರ ಮನೆಯಲ್ಲಿ ಬಚ್ಚಿಟ್ಟಿದ್ದ ರಾಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದ. ಗೇಟಿನ ಹತ್ತಿರ ಹೋದರೆ ಕಿತ್ತುಕೊಳ್ಳುತ್ತಾರೆ ಎಂದು ಹೊಳೆಯ ಕಡೆ ಇಳಿದ. ಸುವರ್ಣಾವತಿ ತುಂಬಿ ಹರಿಯುತ್ತಿತ್ತು. ಅವನಿಗೆ ಈಜು ಬರುತ್ತಿತ್ತು, ಆದರೆ ನೀರು ಕುಡಿದ ಮೂಟೆ ಎಳೆಯಿತು, ನೆನೆದ ಗಂಟು ಬಿಚ್ಚಲಾಗಲಿಲ್ಲ. ಹೆಣ ಸಿಕ್ಕಿದಾಗಲೂ ಮೂಟೆ ಬೆನ್ನ ಮೇಲೇ ಇತ್ತು. ನನ್ನ ಅವ್ವ ಆ ಸಂಕಟವನ್ನು ಸಾಯುವವರೆಗೂ ಹೇಳಿಕೊಂಡು ಅಳುತ್ತಿದ್ದಳು. ದೊಡ್ಡಮ್ಮ ಅತ್ತದ್ದನ್ನು ನಾನು ನೋಡಲಿಲ್ಲ.

ಗೇಟಿನವರ ಮೇಲೆ ಕೂಗಾಡುವ ಶಕ್ತಿ ಊರವರಿಗಿರಲಿಲ್ಲ. ಕೈಗೆ ಸಿಕ್ಕಿದವನು ಷಡಕ್ಷರಿ. ಅವನು ಬರೆದ ಅಕ್ಷರಕ್ಕೆ ಹೆದರಿಯೇ ತಾನೆ ಹುಡುಗ ಹೊಳೆಗೆ ಇಳಿದದ್ದು ಅಂದರು. ಗೊತ್ತಾಗಿದ್ದ ಹೆಣ್ಣು ಬೇರೆ ಮನೆಗೆ ಹೋಯಿತು. ಮಾತಾಡಿಸಿಕೊಂಡು ಹೋಗೋಣ ಎಂದು ಅವನು ದೊಡ್ಡಮ್ಮನ ಮನೆಗೆ ಬಂದಾಗ, ಅವಳು ಗೋಣಿತಾಟಿನ ಹಿಂದಿನಿಂದಲೇ ಒಂದು ಮಾತು ಹೇಳಿದಳು.

“ನಿನ್ ಅಕ್ಸರ ನನ್ ಮಗನ್ನ ತಡದ್ವು ಕಣಪ್ಪ. ಇನ್ ನೀನು ನನ್ ಹೊಸ್ತ್ಲು ತುಳೀಬ್ಯಾಡ.”

ಅವತ್ತಿನಿಂದ ಕಟ್ಟೆಹುಂಡಿಯಲ್ಲಿ ಯಾರೂ ಅವನನ್ನು ಒಳಗೆ ಕರೆಯಲಿಲ್ಲ, ಒಂದು ಚೊಂಬು ನೀರು ಕೊಡಲಿಲ್ಲ. ಆ ಕಡೆ ಬಂದರೆ ಬಾಟಲಿಯಲ್ಲಿ ತನ್ನ ನೀರು ತಾನೇ ತರುತ್ತಿದ್ದ. ಮದುವೆ ಆಗಲಿಲ್ಲ. ಬೇರೆ ಕಡೆ ಹೆಣ್ಣಿರಲಿಲ್ಲವೆ ಎಂದು ನಾನು ಒಂದು ಸಲ ರೇಗಿಸಿದ್ದಕ್ಕೆ, ಒಂದೂರು ಹೊಸ್ತಿಲು ತುಳೀಬೇಡ ಅಂದಮೇಲೆ ಇನ್ನೊಂದೂರಿಗೆ ಹೋಗಿ ಏನಂತ ಹೇಳಲಿ ತಾಯಿ ಅಂದ. ತಗಡಿನ ಶೆಡ್ಡು, ಒಂದು ಸೀಮೆಎಣ್ಣೆ ಸ್ಟವ್ವು, ಬಣ್ಣದ ಡಬ್ಬಗಳು. ಹಬ್ಬದ ದಿನ ಹೋಟಲಿನವರು ಬಾಗಿಲು ಹಾಕುತ್ತಾರಲ್ಲ, ಅವತ್ತೂ ಊಟಕ್ಕೆ ಹೋಗಿ, ತಾನೇ ಬರೆದ ಬೋರ್ಡಿನ ಕೆಳಗೆ ಸ್ವಲ್ಪ ಹೊತ್ತು ನಿಂತು ವಾಪಸು ಹೋಗುವನಂತೆ.

ಐವತ್ತಾರರ ನವೆಂಬರಿನಲ್ಲಿ ಕೊಳ್ಳೇಗಾಲವೂ ಮೈಸೂರಿಗೆ ಸೇರಿತು. ಗೇಟಿನ ದಿಮ್ಮಿಯನ್ನು ಎತ್ತಿದವರು ಮತ್ತೆ ಇಳಿಸಲಿಲ್ಲ. ಷಡಕ್ಷರಿಗೆ ಉಸಿರಾಡುವುದಕ್ಕೂ ಬಿಡುವಿಲ್ಲದಷ್ಟು ಕೆಲಸ. ಮದ್ರಾಸು ಅಂತ ಇದ್ದಲ್ಲೆಲ್ಲ ಮೈಸೂರು ಅಂತ ಬರೆಯಬೇಕು, ತಮಿಳು ಅಳಿಸಿ ಕನ್ನಡ ತುಂಬಬೇಕು. ಶಾಲೆ, ಆಸ್ಪತ್ರೆ, ಬಸ್ಸು, ಯಾವುದನ್ನೂ ಬಿಡದೆ ಬರೆದ. ಗೇಟಿನ ಬೋರ್ಡನ್ನೂ ಕಿತ್ತು ಬಿಸಾಡುತ್ತಾರೆ, ಆಗ ಎತ್ತಿಕೊಂಡು ಹೋಗಿ ಆ ತಾಯಿಗೆ ಕೊಟ್ಟುಬಿಡೋಣ ಎಂದು ಕಾದುಕೊಂಡಿದ್ದ. ಕಿತ್ತು ಬಿಸಾಡಲಿಲ್ಲ. ಅಕ್ಕಿ ಗಿರಣಿ ಸಾಹುಕಾರ ಕೆಂಪನಂಜಪ್ಪ ಅಧ್ಯಕ್ಷನಾಗಿ ಒಂದು ಸ್ಮಾರಕ ಸಮಿತಿ ಹುಟ್ಟಿತು. ಧಾನ್ಯಕ್ಕಾಗಿ ಪ್ರಾಣ ಕೊಟ್ಟ ಪುಟ್ಟಮಾದಪ್ಪನ ನೆನಪಿಗೆ ಗೇಟಿನ ಹತ್ತಿರ ಒಂದು ಕಲ್ಲುಕಟ್ಟೆ, ಅದೇ ಎರಡು ಕಂಬ, ಮೇಲೆ ಅದೇ ಬೋರ್ಡು. ಬೋರ್ಡು ಇತಿಹಾಸದ ವಸ್ತು, ಇನ್ನು ಮುಂದೆ ಅದು ಎಲ್ಲರ ಆಸ್ತಿ ಎಂದು ಭಾಷಣವಾಯಿತು. ಕೆಂಪನಂಜಪ್ಪ ಕೆಟ್ಟವನಲ್ಲ, ಆದರೆ ಮೈಕು ಕಂಡರೆ ಬಿಡುವವನಲ್ಲ.

ವರ್ಷವರ್ಷ ನವೆಂಬರ್ ಒಂದಕ್ಕೆ ಬಾವುಟ ಏರಿಸಿ, ದೊಡ್ಡಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸುತ್ತಿದ್ದರು. ವೀರಮಾತೆ ಎಂದು ಕೂಗುತ್ತಿದ್ದರು. ಅವಳು ಆ ಕೂಗಿಗೆ ಬರುತ್ತಿರಲಿಲ್ಲ. ಕುರ್ಚಿಯನ್ನು ಯಳಂದೂರಿನ ಕಡೆಗೆ ಎಳೆದುಕೊಂಡು, ಬೋರ್ಡಿನ ಹಿಂದುಗಡೆಗೆ ಮುಖ ಮಾಡಿ ಕೂರುತ್ತಿದ್ದಳು. ಗೇಟು ಇದ್ದ ಕಾಲದಲ್ಲೂ ಹಾಗೆಯೇ: ಏನೂ ಕೆಲಸವಿಲ್ಲದಿದ್ದರೂ ಯಳಂದೂರಿನ ಕಡೆಗೆ ಒಂದಷ್ಟು ದೂರ ನಡೆದು ತಿರುಗಿ ಬರುತ್ತಿದ್ದಳು, ಬರುವಾಗ ಮಗನ ಕೈ ಕಾಣುತ್ತವೆ ಅಂತ. ಬೋರ್ಡು ಅಡ್ಡಡ್ಡ ಇದ್ದದ್ದರಿಂದ ಆ ಕೈಗಳು ಮಗ್ಗುಲಾಗಿ ಮಲಗಿದಂತೆ ಕಾಣುತ್ತಿದ್ದವು. ಒಂದು ವರ್ಷ ಅವಳು ಸಮಿತಿಯವರನ್ನು ನೇರವಾಗಿ ಕೇಳಿಯೂ ಬಿಟ್ಟಳು, ನನ್ನ ಕದ ನನಗೆ ಕೊಡಿ ಅಂತ. ತೇಗದ ಮರದ್ದು ಹೊಸ ಬಾಗಿಲೇ ಮಾಡಿಸಿಕೊಡುತ್ತೇವೆ ಅಂದರು. ಬೇಡ ಅಂದಳು. ಮುದುಕಿಗೆ ಹಟ ಅಂದುಕೊಂಡರು. ಹಟವೇ, ನಮ್ಮ ವಂಶದಲ್ಲಿ ಅದಕ್ಕೇನು ಕಮ್ಮಿಯಿಲ್ಲ.

ಅಕ್ಟೋಬರು ಕೊನೆಗೆ ಷಡಕ್ಷರಿ ಬಂದು, ಏಣಿ ಹಾಕಿ ಬೋರ್ಡು ಇಳಿಸಿ, ಬಾಡಿಗೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಮಾರಯ್ಯನ ಜೊತೆ ಶೆಡ್ಡಿಗೆ ಒಯ್ದು, ಅಕ್ಷರಗಳಿಗೆ ಬಣ್ಣ ತುಂಬಿ ತಂದು ಮತ್ತೆ ಹಾಕುತ್ತಿದ್ದ. ತಾನು ಮಾಡಿದ ಪಾಪಕ್ಕೆ ತಾನೇ ಬಣ್ಣ ಹಾಕುತ್ತಾನೆ ನೋಡು ಎಂದು ಊರ ಹೆಂಗಸರು ಆಡಿಕೊಳ್ಳುತ್ತಿದ್ದರು. ಅವನ ಕೆಲಸ ಮುಂದುಗಡೆ ಇರಲಿಲ್ಲ. ಶೆಡ್ಡಿನಲ್ಲಿ ಬೋರ್ಡನ್ನು ಮಗುಚಿಹಾಕಿ, ಒಂದೊಂದು ಕೈಯ ಮೇಲೂ ಯಾವುದೋ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಒತ್ತಿ, ಒಣಗಿಸಿ, ಮತ್ತೆ ಒತ್ತುತ್ತಿದ್ದ. ಇಲ್ಲದಿದ್ದರೆ ಬಿಸಿಲು ಮಳೆಗೆ ಆ ಸುಣ್ಣ ಅಷ್ಟು ವರ್ಷ ಉಳಿಯುವ ಮಾತೇ ಇಲ್ಲ. ಈ ಕೆಲಸವನ್ನು ನೋಡಿದವನು ಗಾಡಿಯ ಮಾರಯ್ಯ ಒಬ್ಬನೇ.

ಅರವತ್ತೆಂಟರಲ್ಲಿ ಸಮಿತಿಯವರಿಗೆ ಸಿಮೆಂಟಿನ ಹುಚ್ಚು ಹಿಡಿಯಿತು. ಕಂಬಗಳನ್ನು ಸೇರಿಸಿ ಒಂದು ಗೋಡೆ ಎಬ್ಬಿಸುವುದು, ಬೋರ್ಡನ್ನು ಆ ಗೋಡೆಯೊಳಗೇ ಕೂರಿಸಿ ಸುತ್ತಲೂ ಸಿಮೆಂಟು ಮೆತ್ತುವುದು, ಕಳ್ಳರು ಬಂದರೂ ಅಲ್ಲಾಡಿಸಲಾಗಬಾರದು. ಕೂರಿಸುವ ಮುಂಚೆ ಹಿಂದುಗಡೆಗೆ ಹುಳ ಹತ್ತದಂತೆ ಟಾರು ಬಳಿದುಕೊಂಡು ಬಾ ಎಂದು ಷಡಕ್ಷರಿಗೆ ಹೇಳಿದರು. ಅವನು ಸರಿ ಅಂದ. ಏಣಿ ಹಾಕಿದ, ಬೋರ್ಡು ಇಳಿಸಿದ, ಗಾಡಿಗೆ ಏರಿಸಿದ. ಗಾರೆ ಕಲಸುತ್ತಿದ್ದವರು ಒಂದು ಕೈ ಕೊಟ್ಟು ಸಹಾಯವನ್ನೂ ಮಾಡಿದರು. ಕಳ್ಳತನ ಹೀಗೂ ಆಗುತ್ತದೆ ಎಂದು ಯಾರಿಗೆ ಗೊತ್ತಿತ್ತು!

ನಾನು ಆ ಭಾನುವಾರ ದೊಡ್ಡಮ್ಮನ ಮನೆಯಲ್ಲಿದ್ದೆ. ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಗಾಡಿ ಬಂದು ನಿಂತಿತು, ಮೇಲೆ ಹುಲ್ಲು ಹೊದಿಸಿತ್ತು. ಷಡಕ್ಷರಿ ಹುಲ್ಲು ಸರಿಸಿದ. ಅಕ್ಷರಗಳು ಇರಲಿಲ್ಲ. ಮೂರು ಭಾಷೆಯನ್ನೂ ಉಳಿ ಹಾಕಿ ಹೆರೆದು, ಗಾಜಿನ ಚೂರಿನಿಂದ ಉಜ್ಜಿ, ಮರ ಹೊಸದಾಗಿ ಕಾಣುವಂತೆ ಮಾಡಿದ್ದ. ಅವನು ಬರೆದ ಮದ್ರಾಸಿನ ಕಾಲದ ಬೋರ್ಡುಗಳಲ್ಲಿ ಉಳಿದಿದ್ದದ್ದು ಅದೊಂದೇ, ಮಿಕ್ಕದ್ದನ್ನೆಲ್ಲ ಐವತ್ತಾರರಲ್ಲಿ ಅವನೇ ಅಳಿಸಿದ್ದ. ಕಬ್ಬಿಣದ ಕೀಲು, ತಿರುಪು ಎಲ್ಲ ತಂದಿದ್ದ, ಗೂಟ ಕತ್ತರಿಸಿದ ಕದ ತಿರುಗಬೇಕಲ್ಲ. ದೊಡ್ಡಮ್ಮ ಹೊರಗೆ ಬಂದು ಕದದ ಕಡೆ ನೋಡಿದಳು, ಅವನ ಕಡೆ ನೋಡಲಿಲ್ಲ.

ಕೂರಿಸಿದ್ದು ನಾನು ಮತ್ತು ಮಾರಯ್ಯ. ಷಡಕ್ಷರಿ ಬೀದಿಯಲ್ಲೇ ನಿಂತಿದ್ದ. ಕೀಲು ಒಳಗಿನಿಂದ ಬಿಗಿಯಬೇಕು, ಆ ಕೆಲಸ ಗೊತ್ತಿದ್ದವನು ಅವನು. ಹೊಸ್ತಿಲು ತುಳಿಯದೆ ಅಲ್ಲಿಂದಲೇ ಇನ್ನಷ್ಟು ಮೇಲೆ, ಸ್ವಲ್ಪ ಎಡಕ್ಕೆ ಎಂದು ಹೇಳುತ್ತಿದ್ದ, ಮಾರಯ್ಯ ತಪ್ಪು ಮಾಡುತ್ತಿದ್ದ, ನಾನು ಇಬ್ಬರ ಮೇಲೂ ರೇಗುತ್ತಿದ್ದೆ. ಒಳಗೆ ಬಾ ಎಂದು ದೊಡ್ಡಮ್ಮ ಒಂದು ಮಾತು ಅಂದಿದ್ದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತಿತ್ತು. ಅವನೂ ಅದಕ್ಕೇ ಕಾಯುತ್ತಿದ್ದ, ಅವನ ಮುಖ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಅವಳು ಅನ್ನಲಿಲ್ಲ. ಕೊನೆಗೆ ಕದ ಕೂತಿತು. ದೊಡ್ಡಮ್ಮ ನನ್ನನ್ನೂ ಮಾರಯ್ಯನನ್ನೂ ಆಚೆಗೆ ಹೋಗಿ ಅಂದಳು. ಎರಡೂ ಕದ ಎಳೆದು ಒಳಗಿನಿಂದ ಅಗುಳಿ ಹಾಕಿಕೊಂಡಳು.

ಕೈಗಳು ಕಾಣಬೇಕಾದರೆ ಬಾಗಿಲು ಹಾಕಬೇಕು. ಅದು ಅವನಿಗೂ ಗೊತ್ತಿದ್ದ ವಿಷಯವೇ. ಆದರೂ ಅಗುಳಿಯ ಸದ್ದು ಕೇಳಿದಾಗ ಅವನ ಮುಖ ಸಣ್ಣಗಾಯಿತು. ಜಗುಲಿಯ ಮೇಲೂ ಕೂರದೆ ನಿಂತೇ ಇದ್ದ. ಒಳಗಿನಿಂದ ಏನೂ ಕೇಳಿಸಲಿಲ್ಲ. ಬಾಟಲಿ ತೆಗೆದು ತನ್ನ ನೀರು ಕುಡಿದ. ನಾನು ತಡೆಯಲಾರದೆ ಕೇಳಿದೆ, ಈಗ ಸಮಿತಿಗೆ ಏನು ಹೇಳುತ್ತೀ, ಇನ್ನೊಂದು ಹಲಗೆಯ ಮೇಲೆ ಹಾಗೆಯೇ ಬರೆದು ತಂದು ಹಾಕಿಬಿಡು, ಸಿಮೆಂಟಿನೊಳಗೆ ಹೋದಮೇಲೆ ಯಾರಿಗೆ ತಿಳಿಯುತ್ತದೆ ಅಂತ.

“ಹಳೇದಕ್ಕೆ ಬಣ್ಣ ತುಂಬ್ತಿದ್ನಲ್ಲ, ಅದು ಹಿಂದ್ಗಡೆ ಎಣ್ಣೆ ಹಚ್ಚಕ್ಕೆ ನೆಪ ತಾಯಿ. ಆ ಮಾತ್ನ ಇನ್ನೊಂದ್ಸಲ ಹೊಸದಾಗ್ ಬರಿ ಅಂದ್ರೆ ನನ್ ಕೈ ಏಳಲ್ಲ,” ಅಂದ.

ಅವನು ಹೋದಮೇಲೆ ದೊಡ್ಡಮ್ಮ ಅಗುಳಿ ತೆಗೆದಳು. ಈ ಕದ ಎಲ್ಲಿಂದ ಬಂತು ಎಂದು ತನ್ನ ಜೀವ ಇರುವವರೆಗೂ ಹೊರಗಿನವರ ಹತ್ತಿರ ಬಾಯಿ ಬಿಡಬಾರದು ಎಂದು ನನ್ನ ಕೈ ಹಿಡಿದು ಆಣೆ ಹಾಕಿಸಿದಳು. ಮತ್ತೆ ಕಿತ್ತುಕೊಂಡು ಹೋದಾರು ಅನ್ನುವ ಭಯ ಅವಳಿಗೆ. ಆಣೆ ಮಾಡಿದೆ.

ಸಮಿತಿಯವರು ಬೋರ್ಡು ಎಲ್ಲಿ ಎಂದು ಕೇಳಿದಾಗ, ಹುಳ ಹಿಡಿದು ಹೋಗಿತ್ತು, ಸೌದೆಗೆ ಒಡೆದು ಒಲೆಗೆ ಹಾಕಿದೆ ಎಂದು ಷಡಕ್ಷರಿ ಹೇಳಿದ. ಬೇರೆ ಯಾರನ್ನೂ ಹುಡುಕಬಾರದು, ಆ ಮನೆಯ ಬಾಗಿಲಿಗೆ ಯಾರೂ ಹೋಗಬಾರದು, ಅದಕ್ಕೆ ಈ ಸುಳ್ಳು. ಕೆಂಪನಂಜಪ್ಪನಿಗೆ ಅಳುವೇ ಬಂತಂತೆ. ಕಂಪ್ಲೇಂಟು ಆಯಿತು, ಷಡಕ್ಷರಿಯನ್ನು ಸ್ಟೇಷನ್ನಿನಲ್ಲಿ ಕೂರಿಸಿದರು, ಸುಟ್ಟ ಹಲಗೆಗೆ ಸಾಕ್ಷಿ ಎಲ್ಲಿಂದ ತರುತ್ತಾರೆ, ಕೊನೆಗೆ ಬಿಟ್ಟರು. ಊರು ಬಿಡಲಿಲ್ಲ. ಅಂಗಡಿಯವರು ತಮ್ಮ ಬೋರ್ಡುಗಳನ್ನು ಬೇರೆ ಪೇಂಟರಿಂದ ಬರೆಸಿಕೊಂಡರು. ಹುತಾತ್ಮನ ಬೋರ್ಡು ಸುಟ್ಟವನ ಕೈಯಲ್ಲಿ ತಮ್ಮ ಅಂಗಡಿಯ ಹೆಸರು ಬೇಡ ಅಂದರು.

ಕಟ್ಟೆಹುಂಡಿಗೆ ನಿಜ ಗೊತ್ತಿತ್ತು. ಗಾಡಿ ಬಂದದ್ದನ್ನು ಬೀದಿಗೆ ಬೀದಿಯೇ ನೋಡಿತ್ತು. ಪುಟ್ಟಮಲ್ಲಮ್ಮನ ಕದ ಪುಟ್ಟಮಲ್ಲಮ್ಮನಿಗೆ ಬಂತು ಎಂದು ಒಳಗೊಳಗೇ ಸಂತೋಷಪಟ್ಟರು, ಅವಳಿಗಾಗಿ ಬಾಯಿ ಮುಚ್ಚಿಕೊಂಡರು. ಒಳ್ಳೆಯದೇ. ಆದರೆ ಅವನನ್ನು ಕಳ್ಳ ಅಂದಾಗಲೂ ಮುಚ್ಚಿಕೊಂಡೇ ಇದ್ದರು. ಊರಿನ ದೊಡ್ಡಮಾದಮ್ಮನ ಹತ್ತಿರ ನಾನು ಜಗಳವನ್ನೇ ಆಡಿದೆ. ಹೆಂಗಿದ್ದರೂ ಬೋರ್ಡು ಬರೆದವನಲ್ಲವೆ, ಇನ್ನೊಂದು ಮಾತು ಹೊತ್ತುಕೊಂಡರೆ ಅವನಿಗೇನು ಭಾರ ಅಂದಳು. ಅವಳ ಜೊತೆ ನಾನು ಮಾತು ಬಿಟ್ಟೆ, ಇವತ್ತಿಗೂ ಆಡುವುದಿಲ್ಲ.

ಮಾರನೆಯ ವರ್ಷ ಕೆಂಪನಂಜಪ್ಪ ಸಮಾರಂಭಕ್ಕೆ ಕರೆಯುವುದಕ್ಕೆ ದೊಡ್ಡಮ್ಮನ ಮನೆಗೇ ಬಂದ. ಬಾಗಿಲಲ್ಲಿ ನಿಂತು ಕದದ ಮೇಲೆ ಕೈಯಾಡಿಸಿ, ಒಳ್ಳೇ ಮರ ಹಾಕಿಸಿದ್ದೀರಿ ಕಣ್ರವ್ವ, ಗಟ್ಟಿಯಾಗಿದೆ ಎಂದು ಮೆಚ್ಚಿಕೊಂಡು ಹೋದ. ದೊಡ್ಡಮ್ಮ ಹೂಂ ಅಂದಳು. ಸಮಾರಂಭಕ್ಕೆ ಅವಳು ಆಮೇಲೆ ಹೋಗಲೇ ಇಲ್ಲ. ನೋಡುವುದಕ್ಕೆ ಅಲ್ಲಿ ಏನಿತ್ತು, ಸಿಮೆಂಟಿನ ಗೋಡೆಯ ಮೇಲೆ ಯಾರೋ ಹೊಸ ಪೇಂಟರು ಬರೆದ ಸಾಲು.

ಷಡಕ್ಷರಿ ಹನೂರಿಗೆ ಹೋದ. ಅಲ್ಲಿ ಗಾಡಿಗಳ ಮೇಲೆ ಹೆಸರು, ಲಾರಿಗಳ ಹಿಂದೆ ನಂಬರು, ಬೆಟ್ಟಕ್ಕೆ ಹೋಗುವ ಬಸ್ಸುಗಳ ಹಣೆಗೆ ಅಜ್ಜೀಪುರ, ಮಾದೇಶ್ವರನ ಬೆಟ್ಟ ಎಂದು ಬರೆದುಕೊಂಡಿದ್ದ. ಆ ಬಸ್ಸುಗಳು ನಮ್ಮ ಕಡೆಗೂ ಬರುತ್ತಿದ್ದವು. ಅಕ್ಷರ ನೋಡಿದರೆ ನನಗೆ ಗೊತ್ತಾಗುತ್ತಿತ್ತು, ಅವನು ಇನ್ನೂ ಇದ್ದಾನೆ ಅಂತ. ಒಂದೆರಡು ಸಲ ಹೋಗಿ ನೋಡಿಕೊಂಡು ಬಂದೆ. ಬಸ್ ಸ್ಟಾಂಡಿನ ಹಿಂದೆ ಒಂದು ಕೋಣೆ. ಎರಡು ಲೋಟ ಇದ್ದವು, ಒಂದನ್ನು ಮಗುಚಿಟ್ಟಿದ್ದ, ನಾನು ಹೋದ ದಿನ ಅದನ್ನು ತೊಳೆದು ಕಾಫಿ ಕೊಟ್ಟ. ಆ ಅವ್ವ ಹೇಗಿದ್ದಾರೆ ಎಂದು ದೊಡ್ಡಮ್ಮನ ವಿಚಾರ ಕೇಳಿದ. ಬೇರೆ ಏನೂ ಕೇಳಲಿಲ್ಲ. ಕರೆದರಾ ಅನ್ನುವ ಪ್ರಶ್ನೆ ಅದರೊಳಗೇ ಇತ್ತು.

ದೊಡ್ಡಮ್ಮನನ್ನು ಕೇಳದೆ ಬಿಟ್ಟಿರಲಿಲ್ಲ. ಅವನನ್ನು ಒಂದು ಸಲ ಕರೆಸಲಾ ಎಂದು ಕೇಳಿದೆ. ಬ್ಯಾಡ ಅಂದಳು. ಅವನು ಇಷ್ಟೆಲ್ಲ ಮಾಡಿದನಲ್ಲ ದೊಡ್ಡಮ್ಮ, ಅವನ ಹೆಸರು ಹಾಳಾಯಿತು, ಅನ್ನ ಹೋಯಿತು, ನಿನಗೆ ಕರುಳಿಲ್ಲವೆ ಎಂದು ಕೂಗಾಡಿದೆ. ಅವಳು ಹೇಳಿದಳು.

“ಅವ್ನ್ ಮಕ ನೋಡುದ್ರೆ ಆ ಬೋಲ್ಡು ಕಣ್ಮುಂದೆ ಬತ್ತದೆ ಮಗ. ನಾನೇನ್ ಮಾಡ್ಲಿ.”

ನನಗೆ ಸಿಟ್ಟೇನೋ ಬಂತು. ಅಷ್ಟರಲ್ಲಿ ಅವಳೇ ಮಾತು ಬೇರೆ ಕಡೆಗೆ ತಿರುಗಿಸಿದಳು. ಮಂಡಿ ನೋವು ಜಾಸ್ತಿಯಾಗಿದೆ, ಮುಂದಿನ ಸಲ ಬರುವಾಗ ಕೊಳ್ಳೇಗಾಲದಿಂದ ಅಗಸೆಬೀಜದ ಎಣ್ಣೆ ತಂದುಕೊಡು ಅಂದಳು. ಪ್ರತಿ ವರ್ಷ ಸುಗ್ಗಿ ಮುಗಿದಮೇಲೆ ಅವಳಿಗೆ ಮಂಡಿ ನೋವು ಬರುತ್ತಿತ್ತು, ಪ್ರತಿ ವರ್ಷ ನಾನು ತಂದುಕೊಡುತ್ತಿದ್ದೆ. ಹರಳೆಣ್ಣೆ ಹಚ್ಚಿಕೊಳ್ಳಬಾರದೆ ಅಂದರೆ, ಅದು ಜಿಡ್ಡು, ಒಣಗಲ್ಲ ಅನ್ನುತ್ತಿದ್ದಳು.

ಎಪ್ಪತ್ತೈದನೇ ಇಸವಿಯಲ್ಲಿ ದೊಡ್ಡಮ್ಮ ತೀರಿಕೊಂಡಳು. ಸಾಯುವಾಗಲೂ ಅವನ ವಿಚಾರ ಎತ್ತಲಿಲ್ಲ. ಮನೆ ನನಗೆ ಬಂತು. ತಿಥಿಯೆಲ್ಲ ಮುಗಿದಮೇಲೆ ನಾನು ಬಸ್ಸು ಹತ್ತಿ ಹನೂರಿಗೆ ಹೋಗಿ ಷಡಕ್ಷರಿಯ ಎದುರು ನಿಂತೆ. ಹೊಸ್ತಿಲು ಈಗ ನನ್ನದು, ನಾನು ಕರೆಯುತ್ತಿದ್ದೇನೆ, ಬಾ ಅಂದೆ. ಅವನು ತಲೆ ಬಗ್ಗಿಸಿಕೊಂಡು, ಅವರು ಕರೀಲಿಲ್ಲವಲ್ಲ ತಾಯಿ ಅಂದ. ಹೌದು, ದೊಡ್ಡಮ್ಮ ಕರೆಯಲಿಲ್ಲ, ಸುಳ್ಳು ಹೇಳಿ ಕರೆದುಕೊಂಡು ಹೋಗುವವಳು ನಾನಲ್ಲ, ಬರುವುದಾದರೆ ಬಾ ಎಂದು ಗದರಿದೆ. ಸ್ವಲ್ಪ ಹೊತ್ತು ಬ್ರಶ್ಶುಗಳನ್ನು ಒರೆಸಿದವನು ಅಂಗಿ ಹಾಕಿಕೊಂಡು ಹೊರಟ. ಅವನ ಚೀಲದಲ್ಲಿ ನೀರಿನ ಬಾಟಲಿ ಇತ್ತು.

ಕಟ್ಟೆಹುಂಡಿಯ ಬೀದಿಯಲ್ಲಿ ಜನ ಎದ್ದು ನಿಂತು ನೋಡಿದರು. ನೋಡಲಿ ಎಂದು ನಾನು ನಿಧಾನವಾಗಿಯೇ ನಡೆದೆ. ಬಾಗಿಲ ಹತ್ತಿರ ಅವನು ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಬಲಗಾಲಿಟ್ಟು ಒಳಗೆ ಬಂದ. ನಾನು ಎರಡೂ ಕದ ಎಳೆದು ಅಗುಳಿ ಹಾಕಿ ದೀಪ ಹಚ್ಚಿದೆ. ಅಷ್ಟು ವರ್ಷ ಆ ಕೈಗಳನ್ನು ಅವನು ಅಡ್ಡಡ್ಡಲಾಗಿಯೇ ನೋಡಿದ್ದ. ಈಗ ಕದ ನೆಟ್ಟಗೆ ನಿಂತಿತ್ತು, ಕೈಗಳೂ ನೆಟ್ಟಗಾಗಿದ್ದವು, ಕೆಳಗೆ ಕೂಸಿನದು, ಮೇಲೆ ಮೇಲೆ ದೊಡ್ಡದು. ಒಂದೂ ಉದುರಿರಲಿಲ್ಲ. ಅವನು ಹತ್ತಿರ ಹೋಗಿ ಒಂದನ್ನು ಬೆರಳಿನಿಂದ ಮುಟ್ಟಿದ. ಬೆರಳನ್ನು ಮೂಗಿಗೆ ಹಿಡಿದ. ಇನ್ನೊಂದನ್ನು ಮುಟ್ಟಿದ. ಆಮೇಲೆ ಕೂಸಿನ ಕೈಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಮರವನ್ನೇ ಮೂಸಿ ನೋಡಿದ.

“ಅಗಸೆಬೀಜದೆಣ್ಣೆ,” ಅಂದ. “ನಾನ್ ಹಚ್ತಿದ್ದಿದ್ದು ಇದ್ನೇ. ಆದ್ರೆ ಇದು ಈಚೀಚೆಗೆ ಹಚ್ಚಿದ್ದು.”

ನಾನು ದೀಪವನ್ನು ಕದದ ಹತ್ತಿರಕ್ಕೆ ಹಿಡಿದೆ. ಎಷ್ಟು ಸೀಸೆ ತಂದುಕೊಟ್ಟಿದ್ದೆ ನಾನು, ಮಂಡಿಗೆ ಎಂದು ನಂಬಿಕೊಂಡು! ಕದ ಬಂದ ದಿನ ಅಗುಳಿ ಹಾಕಿಕೊಂಡು ಒಳಗೆ ಕೂತಿದ್ದಳಲ್ಲ, ಅವತ್ತೇ ಮೂಗಿನಿಂದ ಕಂಡುಹಿಡಿದಿರಬೇಕು. ಇಷ್ಟು ವರ್ಷ ಮಗನ ಕೈಯನ್ನು ಕಾಪಾಡಿದ್ದು ಯಾರು, ಯಾವುದರಿಂದ ಅಂತ. ಅವನನ್ನು ಕರೆಯುವುದು ಅವಳಿಂದ ಆಗಲಿಲ್ಲ. ಅವನ ಕೆಲಸವನ್ನು ಮಾತ್ರ ಒಂದು ವರ್ಷವೂ ಬಿಡದೆ ಮಾಡಿಕೊಂಡು ಬಂದಿದ್ದಳು. ನನಗೆ ಅಳು ಬಂತು, ಅತ್ತುಬಿಟ್ಟೆ. ಅವನಿಗೆ ಎಣ್ಣೆ ಸೀಸೆಯ ವಿಚಾರ ಹೇಳಿದೆ.

ಅವನು ಚೀಲದಿಂದ ಬಾಟಲಿ ತೆಗೆಯುವುದಕ್ಕೆ ಹೋದ. ನಾನು ಅದನ್ನು ಕಿತ್ತಿಟ್ಟು ದೊಡ್ಡಮ್ಮನ ಚೊಂಬಿನಲ್ಲಿ ನೀರು ತಂದುಕೊಟ್ಟೆ. ಗಟಗಟ ಕುಡಿಯಲಿಲ್ಲ, ಬಿಟ್ಟು ಬಿಟ್ಟು ಕುಡಿದ. ಹೊರಗೆ ಬೀದಿಯವರು ಗುಂಪು ಸೇರಿದ್ದು ಕೇಳಿಸುತ್ತಿತ್ತು, ಯಾರೋ ನನ್ನ ಹೆಸರು ಹಿಡಿದು ಕೂಗಿದರು. ಅಗುಳಿ ತೆಗೆಯೋಣ ಎಂದು ನಾನು ಎದ್ದೆ.

ಅವನು ಚೊಂಬನ್ನು ಕೆಳಗಿಟ್ಟು, ಗೋಡೆಗೆ ಒರಗಿ, ಕದದ ಕಡೆಗೇ ನೋಡುತ್ತ ಹೇಳಿದ. “ಸ್ವಲ್ಪೊತ್ತು ಹಾಕೇ ಇರ್ಲಿ ತಾಯಿ.”